ಶರಣನ ರಿಪೋರ್ಟ್ ನೋಡಿದೆ, ಅವ್ವಾ

ಮ್ಯಾಂಚೆಸ್ಟರ್
ಭಾನುವಾರ ರಾತ್ರಿ

ಅವ್ವಗ, ಅಪ್ಪಗ ನಮಸ್ಕಾರ. ನಾನು ಆರಾಮ ಇದೀನಿ.

ನಿನ್ನ ಪತ್ರ, ಶರಣನ ರಕ್ತದ ರಿಪೋರ್ಟ್ ಎರಡೂ ಮುಟ್ಟಿದುವು. ಗಾಬರಿ ಆಗಬ್ಯಾಡ. ಅವಗ ಬ್ಯಾನಿ ಬಂದಿಲ್ಲ. ಎಲ್‌ಡಿಎಲ್, ಅಂದ್ರ ಕೆಟ್ಟ ಕೊಲೆಸ್ಟ್ರಾಲ್, 148 ಐತಿ, 100ರ ಒಳಗ ಇದ್ರ ಚಲೋ. 190 ದಾಟಿದ್ರ ಮನೆತನದಿಂದ ಬಂದದ್ದೇನೋ ಅಂತ ಡಾಕ್ಟರ್ ಹುಡುಕತಾರ, ಅಷ್ಟು ದೂರ ಹೋಗಿಲ್ಲ. ಟ್ರೈಗ್ಲಿಸರೈಡ್, ಅಂದ್ರ ರಕ್ತದಾಗಿನ ಕೊಬ್ಬು, 210 ಅಂತ ಐತಲ್ಲ, ಮುಂಜಾನಿ ಮಿರ್ಚಿ-ಒಗ್ಗರಣಿ ತಿಂದು ಹೋಗಿ ರಕ್ತ ಕೊಟ್ಟಾನೇನು ಕೇಳು. 12 ತಾಸು ಬರೇ ನೀರು ಕುಡಿದು ಇನ್ನೊಮ್ಮೆ ಮಾಡಸಲಿ. ಬಿಪಿ 134/86 ಒಂದ ಸಲದ್ದು. ಚಾ ಕುಡಿದು ಅರ್ಧ ತಾಸು ಬಿಟ್ಟು, ಐದು ನಿಮಿಷ ಬೆನ್ನು ಆನಿಸಿ ಸುಮ್ನ ಕುಂತು, ತೋಳು ಎದಿ ಮಟ್ಟಕ್ಕ ಇಟ್ಟು ನೋಡಸಬೇಕು. ಬ್ಯಾರೆ ಬ್ಯಾರೆ ದಿನ ನೋಡಸಲಿ.

ಒಂದು ಮಾತು ಮರೀಬಾರದು. ಅಪ್ಪಗ 52ಕ್ಕ ಹೃದಯದ ರಕ್ತನಾಳ ತೆರೆದಿಡೋ ಸ್ಟೆಂಟ್ ಹಾಕ್ಯಾರ. ತಂದಿಗೆ 55ರ ಒಳಗ ಹೃದಯದ ತ್ರಾಸ ಬಂದಿದ್ರ ಮಗ ಹರೇದಾಗ ಎಚ್ಚರ ಆಗಬೇಕು. ಡಾಕ್ಟರ್ ಕೇಳದಿದ್ರೂ ಶರಣ ಇದನ್ನ ಹೇಳಬೇಕು.

ಹಾಸ್ಟೆಲಿನ್ಯಾಗ ಎರಡೂ ಹೊತ್ತು ಬಿಳಿ ಅನ್ನ, ನೀರಸಾರು, ಹಪ್ಪಳ, ರಾತ್ರಿ ಗಾಡಿ ಮುಂದ ಎಗ್‌ರೈಸು, ಗೋಬಿ. ಅನ್ನ, ಸಕ್ಕರಿ ಹೆಚ್ಚಾದ್ರ ಲಿವರು ಅದನ್ನ ಕೊಬ್ಬು ಮಾಡಿ ರಕ್ತಕ್ಕ ಬಿಡತೈತಿ. ಕಾಳು, ಹಣ್ಣಿನ ನಾರು ಪಿತ್ತವನ್ನ ಹಿಡಕೊಂಡು ಹೊರಗ ಹಾಕತೈತಿ. ಹೊಸ ಪಿತ್ತ ಮಾಡಾಕ ಲಿವರು ರಕ್ತದಾಗಿನ ಕೊಲೆಸ್ಟ್ರಾಲ್ ಎಳಕೊಳ್ಳತೈತಿ. ಆ ನಾರ ಅವನ ತಾಟಿನ್ಯಾಗಿಲ್ಲ.

ನೀನು ತುಪ್ಪದ ಉಂಡಿ ಬಿಟ್ಟು ಕಟಕ ರೊಟ್ಟಿ, ಅಗಸಿ ಹಿಂಡಿ ಕಳಸು. ಅಗಸಿ ಇಡೀ ತಿಂದ್ರ ಹಂಗ ಹೊರಗ ಹೋಗತೈತಿ. ಸಣ್ಣ ಉರಿಯಾಗ ಹುರಿದು ಕುಟ್ಟಬೇಕು. ಕುಟ್ಟಿದ್ದು ಲಗೂನ ಕಮಟು ಹಿಡಿತೈತಿ, ಅದಕ್ಕ 15 ದಿನದ್ದಷ್ಟ ಬಿಗಿ ಡಬ್ಬ್ಯಾಗ ತುಂಬಿ ಬಳ್ಳಾರಿ ಬಸ್ಸಿಗೆ ಹಾಕು. ಉಪ್ಪು ಅರ್ಧ ಹಾಕು. ದಿನಾ ಒಂದು ದೊಡ್ಡ ಚಮಚ ಸಾಕು. ಮೆಸ್ಸಿನ ಅನ್ನ ಅರ್ಧ ಮಾಡಿ ಎರಡು ರೊಟ್ಟಿ ತಿನ್ನಲಿ, ಹಿಡಿ ನೆನಸಿದ ಮಡಕಿಕಾಳು, ಒಂದು ಪ್ಯಾರಲ ಹಣ್ಣು. ಇಲ್ಲಿ ಮಂದಿ ಸಣ್ಣ ಸಣ್ಣ ಚೀಲದಾಗಿನ ಅಗಸಿಗೆ ರೊಕ್ಕ ಸುರುವಿ ಒಯ್ತಾರ. ನಮ್ಮ ಅಡಗಿ ಮನಿ ಗಡಗ್ಯಾಗ ಅದು ಮೊದಲಿಂದ ಐತಿ!

ಇಲ್ಲಿಯ ಒಂದು ಪದ್ಧತಿ ನನಗ ಬಾಳ ಸೇರೈತಿ. ಸುಮಾರು ಪ್ಯಾಕೆಟಿನ ಮ್ಯಾಲೆ ಸಿಗ್ನಲ್ ದೀಪದಂಗ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿರತಾರ. 100 ಗ್ರಾಮಿಗೆ ಉಪ್ಪು 1.5 ಗ್ರಾಂ ದಾಟಿದ್ರ ಕೆಂಪು. ನಮ್ಮಲ್ಲಿ ಸೋಡಿಯಂ ಅಂತ ಬರದಿರತಾರ, ಅದನ್ನ ಎರಡೂವರೆಲೆ ಗುಣಿಸಿದ್ರ ಉಪ್ಪು ಸಿಗತೈತಿ. 1000 ಮಿಲಿಗ್ರಾಂ ಇದ್ರ ಎರಡೂವರೆ ಗ್ರಾಂ ಉಪ್ಪು, ದಿನಕ್ಕ ಇರಬೇಕಾದದ್ದ ಒಟ್ಟು 5ರ ಒಳಗ. ನೂಡಲ್ಸ್ ಮುರಿಯೂ ಮುಂಚೆ ಶರಣ ಇದನ್ನ ಓದಲಿ.

ಮೂರು ತಿಂಗಳಿಗೆ ಮತ್ತ ರಕ್ತ ತೋರಸಲಿ. ತಾನ ಗುಳಿಗಿ ತಗೋಬಾರದು. ಎದಿ ಒತ್ತಿದಂಗಾಗಿ ಬೆವರು ಬಂದ್ರ ಮಾತ್ರ ಗ್ಯಾಸ್ ಅಂತ ಕೂಡಬಾರದು, 108ಕ್ಕ ಫೋನ್ ಮಾಡಬೇಕು. ಹಂಗೇನೂ ಆಗಂಗಿಲ್ಲ ಅವ್ವಾ, ಖರೇನ ಆಗಂಗಿಲ್ಲ, ನೀನು ನಿದ್ದಿ ಮಾಡು. ಅಪ್ಪ ಗುಳಿಗಿ ಬಿಡಬಾರದು. ಹೊತ್ತಾತು, ಉಳದದ್ದು ಫೋನಿನ್ಯಾಗ.

ನಿನ್ನ ಮಗಳು