ಕಾಲಿಗೆ ನೀರು

ಯುಗಾದಿಯ ಬೇವುಬೆಲ್ಲ ಹಂಚಿಕೊಂಡ ಕೆಲವೇ ದಿನಗಳಲ್ಲಿ ಕ್ರೈಸ್ತರ ಪವಿತ್ರ ವಾರ, ಅಂದರೆ ಈಸ್ಟರ್ ಹಬ್ಬದ ಹಿಂದಿನ ವಾರ, ಬರುತ್ತದೆ. ಈ ಸಂಚಿಕೆ ನಿಮ್ಮ ಕೈಸೇರುವಾಗ ನಾವು ಆ ವಾರದ ಹೊಸ್ತಿಲಲ್ಲಿರುತ್ತೇವೆ. ದೂರದೇಶದ ನಮ್ಮ ಕನ್ನಡ ಸಂಘದ ಈ ಸುದ್ದಿಪತ್ರವು ಎಲ್ಲ ಮತಗಳ ಕನ್ನಡಿಗರಿಗೂ ಸೇರಿದ್ದಾದ್ದರಿಂದ, ಸಂಪಾದಕನಾದವನು ಇಲ್ಲಿ ತನ್ನ ನಂಬಿಕೆಯ ಬಗ್ಗೆ ಬರೆಯಬಹುದೇ ಎಂದು ಕೆಲವು ದಿನ ಯೋಚಿಸಿದೆ. ಆದರೆ ದೀಪಾವಳಿಯ ಸಂಚಿಕೆಗೂ ಬಸವ ಜಯಂತಿಯ ಸಂಚಿಕೆಗೂ ನಿಮ್ಮಲ್ಲಿ ಹಲವರು ಮನೆಯ ಆಚರಣೆಯನ್ನೂ ಅದರ ಹಿಂದಿನ ಶ್ರದ್ಧೆಯನ್ನೂ ಮನಬಿಚ್ಚಿ ಬರೆದುಕೊಟ್ಟಿದ್ದೀರಿ, ಅವನ್ನು ಓದಿ ನನ್ನ ತಿಳಿವಳಿಕೆ ಹಿಗ್ಗಿದೆ. ಆ ಸಲಿಗೆಯಿಂದಲೇ ಈ ಬಾರಿ ಪವಿತ್ರ ಗುರುವಾರದ ಒಂದು ಆಚರಣೆಯ ಬಗ್ಗೆ, ವರ್ಷದ ಉಳಿದ ದಿನಗಳಲ್ಲಿ ಅದು ನನ್ನಿಂದ ಏನನ್ನು ಕೇಳುತ್ತದೆ ಎಂಬುದರ ಬಗ್ಗೆ ಬರೆಯುತ್ತಿದ್ದೇನೆ.

ಬೈಬಲಿನ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಆ ಪ್ರಸಂಗವಿದೆ. ಮರಣದ ಹಿಂದಿನ ರಾತ್ರಿ ಶಿಷ್ಯರೊಂದಿಗೆ ಊಟಕ್ಕೆ ಕುಳಿತಿದ್ದ ಯೇಸು ಸ್ವಾಮಿ ನಡುವೆ ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ಒರಸುವ ಬಟ್ಟೆಯನ್ನು ನಡುವಿಗೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹೊಯ್ದು ಒಬ್ಬೊಬ್ಬರ ಕಾಲನ್ನೂ ತೊಳೆದು ಒರಸುತ್ತಾರೆ. ಆ ನಾಡಿನ ದೂಳುದಾರಿಯಲ್ಲಿ ಕೆರ ಮೆಟ್ಟಿ ನಡೆದು ಬಂದವರ ಕಾಲು ತೊಳೆಯುವುದು ಮನೆಯಲ್ಲಿ ಎಲ್ಲರಿಗಿಂತ ಕೆಳಗಿನ ಆಳಿನ ಕೆಲಸವಾಗಿತ್ತು. ಅಂದು ಊಟಕ್ಕೆ ಕುಳಿತವರಲ್ಲಿ ಯೂದನೂ ಇದ್ದನು. ತನ್ನನ್ನು ಹಿಡಿದುಕೊಡಲು ಆತ ಮನಸ್ಸು ಮಾಡಿದ್ದಾನೆಂದು ಯೇಸುವಿಗೆ ತಿಳಿದಿತ್ತೆಂದು ಸುವಾರ್ತೆ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಅವನನ್ನು ಬಿಟ್ಟು ಮುಂದಿನವನ ಬಳಿಗೆ ಹೋದರೆಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ. ನನ್ನನ್ನು ಮೆಚ್ಚುವವರ ಮುಂದೆ ಬಾಗುವುದು ನನಗೆಂದೂ ಕಷ್ಟವಾಗಿಲ್ಲ. ಈ ಭಾಗವನ್ನು ಓದುವಾಗಲೆಲ್ಲ ನನ್ನ ಕಣ್ಣು ನಿಲ್ಲುವುದು ಯೂದನ ಕಾಲಿನ ಮೇಲೆ.

ಲೂಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಸೀಮೋನನೆಂಬ ಫರಿಸಾಯನು, ಅಂದರೆ ಧರ್ಮನಿಯಮಗಳನ್ನು ಬಿಗಿಯಾಗಿ ಪಾಲಿಸುವ ಯೆಹೂದಿ ಪಂಥದವನು, ಯೇಸುವನ್ನು ಊಟಕ್ಕೆ ಕರೆದಿರುತ್ತಾನೆ. ಆ ಊಟದ ನಡುವೆ, ನಾನು ನಿನ್ನ ಮನೆಗೆ ಬಂದಾಗ ನೀನು ಕಾಲಿಗೆ ನೀರು ಕೊಡಲಿಲ್ಲ ಎಂದು ಯೇಸು ಅವನಿಗೆ ಹೇಳುತ್ತಾರೆ. ಈ ಮಾತಿನ ನೋವನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಕೆಳಗಿನ ನಮ್ಮ ಮನೆಗಳಲ್ಲಿ ಅಂಗಳದ ಬದಿಗೆ ನೀರು ತುಂಬಿದ ಹಂಡೆ, ಅದರ ಮೇಲೊಂದು ಚೆಂಬು ಯಾವಾಗಲೂ ಇರುತ್ತಿತ್ತು. ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ಬೆಲ್ಲ ಮತ್ತು ನೀರು. ಕುಶಲ ವಿಚಾರಿಸುವುದು ಅದಾದ ಮೇಲೆ. ಆದರೆ ನಮ್ಮ ಊರುಗಳಲ್ಲಿ ಆ ಚೆಂಬು ಎಲ್ಲರ ಕೈಗೂ ಸಿಗುತ್ತಿರಲಿಲ್ಲ. ಅಂಗಳದ ಆಚೆಯೇ ನಿಂತು ಮಾತು ಮುಗಿಸಿ ಹಿಂತಿರುಗಬೇಕಾದವರಿದ್ದರು. ಅತಿಥಿಸತ್ಕಾರವನ್ನು ನೆನೆದು ಹೆಮ್ಮೆಪಡುವಾಗ ಇದನ್ನೂ ನೆನೆಯದಿದ್ದರೆ ಆ ಹೆಮ್ಮೆಯಲ್ಲಿ ಸತ್ಯವಿರುವುದಿಲ್ಲ.

ಚರ್ಚುಗಳಲ್ಲಿ ಪವಿತ್ರ ಗುರುವಾರ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವ ಪದ್ಧತಿ ಬಹಳ ಹಳೆಯದು. 2013ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಇದನ್ನು ರೋಮಿನ ಬಾಲಾಪರಾಧಿಗಳ ಬಂದೀಖಾನೆಯೊಂದಕ್ಕೆ ಕೊಂಡೊಯ್ದು ಅಲ್ಲಿನ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಯುವತಿಯರೂ ಮುಸ್ಲಿಮರೂ ಇದ್ದರು. ಆಗ ಕಥೋಲಿಕ ಸಭೆಯ ನಿಯಮದಲ್ಲಿ ಪುರುಷರಿಗೆ ಮಾತ್ರ ಅವಕಾಶವಿತ್ತು. 2016ರಲ್ಲಿ ಆ ನಿಯಮವೇ ಬದಲಾಯಿತು.

ಆದರೆ ವಿಧಿ ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ, ಉಳಿದ ದಿನಗಳ ಮಾತೇನು? ಈ ಪ್ರಶ್ನೆ ಬಂದಾಗ ನನಗೆ ಮಂಗಳೂರಿನ ಕಂಕನಾಡಿ ನೆನಪಾಗುತ್ತದೆ. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಅಲ್ಲಿ ಬಡವರಿಗಾಗಿ ಒಂದು ಹೋಮಿಯೋಪಥಿ ಔಷಧಾಲಯವನ್ನು ತೆರೆದರು. ಹತ್ತು ವರ್ಷಗಳ ಬಳಿಕ, 1890ರಲ್ಲಿ, ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನು ಕಟ್ಟಿದರು. ನಾನು ಬೆಳೆದದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಶನ್ ಪರಂಪರೆಯ ಸಭೆಯಲ್ಲಿ, ಅವರದ್ದು ಕಥೋಲಿಕ ಪರಂಪರೆ. ಚಿಕ್ಕಂದಿನಲ್ಲಿ ಈ ಭೇದ ನಮಗೆ ದೊಡ್ಡದಾಗಿ ಕಾಣುತ್ತಿತ್ತು, ಆದರೂ ಕಂಕನಾಡಿಯ ಆಸ್ಪತ್ರೆಯ ಹೆಸರನ್ನು ನಮ್ಮ ಮನೆಯಲ್ಲಿ ಎಲ್ಲರೂ ಗೌರವದಿಂದಲೇ ಹೇಳುತ್ತಿದ್ದರು.

1890ರ ಕಾಲವನ್ನು ಸ್ವಲ್ಪ ಊಹಿಸಿಕೊಳ್ಳೋಣ. ಕುಷ್ಠರೋಗದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿಯೇ ಗುರುತಿಸಿದ್ದರೂ ರೋಗಕ್ಕೆ ನಾಟುವ ಔಷಧ ಬಂದದ್ದು 1940ರ ದಶಕದಲ್ಲಿ. ಅಂದರೆ ಧಾಮಕ್ಕೆ ಬಂದ ರೋಗಿಯನ್ನು ಗುಣಪಡಿಸುವೆನೆಂದು ಹೇಳುವ ಶಕ್ತಿ ಅಂದು ಯಾರಿಗೂ ಇರಲಿಲ್ಲ. ಈ ರೋಗ ನರಗಳನ್ನು ಕೆಡಿಸುವುದರಿಂದ ಪಾದದಲ್ಲಿ ಸ್ಪರ್ಶಜ್ಞಾನ ಹೋಗುತ್ತದೆ. ಮುಳ್ಳು ಚುಚ್ಚಿದರೂ ಕೆಂಡ ತಗಲಿದರೂ ನೋವಾಗುವುದಿಲ್ಲ, ನೋವಾಗದಿರುವುದರಿಂದ ಗಾಯ ಬೆಳೆಯುತ್ತಾ ಹೋಗುತ್ತದೆ. ಇದಕ್ಕೆ ಇಂದಿಗೂ ಹೇಳುವ ಆರೈಕೆಯೆಂದರೆ ದಿನವೂ ಕಾಲನ್ನು ನೀರಿನಲ್ಲಿ ನೆನೆಸಿ, ಗಡುಸಾದ ಚರ್ಮವನ್ನು ಮೆಲ್ಲಗೆ ಉಜ್ಜಿ ತೆಗೆದು, ಎಣ್ಣೆ ಹಚ್ಚಿ, ಹೊಸ ಗಾಯವೇನಾದರೂ ಆಗಿದೆಯೇ ಎಂದು ಕಣ್ಣಿಟ್ಟು ನೋಡುವುದು. ಸುವಾರ್ತೆಯ ಬೋಗುಣಿಯೂ ನೀರೂ ಬಟ್ಟೆಯೂ ಇಲ್ಲಿ ಯಾವ ಅಲಂಕಾರವೂ ಇಲ್ಲದೆ ನಿತ್ಯದ ಕೆಲಸವಾಗಿ ಬಿಡುತ್ತವೆ. ಮುಲ್ಲರ್ ಅವರು 1910ರಲ್ಲಿ ತೀರಿಕೊಂಡರು. ಅವರ ಹೆಸರಿನ ಸಂಸ್ಥೆಯ ಧ್ಯೇಯವಾಕ್ಯದಲ್ಲಿ ಎರಡೇ ಕೆಲಸಗಳಿವೆ, ಗುಣಪಡಿಸುವುದು ಮತ್ತು ಸಂತೈಸುವುದು. ಮೊದಲನೆಯದು ಕೈಗೂಡದ ಕಾಲದಲ್ಲಿಯೂ ಎರಡನೆಯದಕ್ಕಾಗಿ ಅಲ್ಲಿ ಒಂದು ಮನೆ ಕಟ್ಟಲಾಯಿತು ಎಂಬುದೇ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ. ದೂರದೇಶದಲ್ಲಿರುವ ನಾವು ಊರಿನಲ್ಲಿ ತಂದೆತಾಯಿ ಕಾಯಿಲೆ ಬಿದ್ದಾಗ ಹಣ ಕಳುಹಿಸಿ, ವೈದ್ಯರೊಂದಿಗೆ ಮಾತನಾಡಿ, ಇನ್ನು ನಮ್ಮಿಂದ ಆಗುವುದೇನೂ ಉಳಿದಿಲ್ಲವೆಂದು ಫೋನ್ ಇಟ್ಟುಬಿಡುತ್ತೇವೆ. ಸಂತೈಸುವ ಕೆಲಸ ಆರಂಭವಾಗುವುದು ಅಲ್ಲಿಂದಲೇ ಎಂದು ನನಗನ್ನಿಸುತ್ತದೆ.

ನಮ್ಮ ಭಾಷೆಗೆ ದುಡಿದ, ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ ಅವರನ್ನೂ ಇಲ್ಲಿ ನೆನೆಯುತ್ತೇನೆ. 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಬೋಧಿಸಲೆಂದು ಬಂದವರು ಕನ್ನಡದ ಮುಂದೆ ವಿದ್ಯಾರ್ಥಿಯಾಗಿ ಕುಳಿತರು. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಮಿಶನರಿಗಳೆಲ್ಲರೂ ಹೀಗೆ ವಿನಯವಂತರಾಗಿದ್ದರೆಂದು ಹೇಳಲಾರೆ. ಇಲ್ಲಿನ ಜನರ ದೇವರುಗಳನ್ನೂ ಆಚಾರಗಳನ್ನೂ ಹೀಯಾಳಿಸುವ ಕರಪತ್ರಗಳೂ ಆ ಕಾಲದಲ್ಲಿ ಅಚ್ಚಾದವು. ಅದು ಪ್ರೀತಿಯ ಮಾತಾಗಿರಲಿಲ್ಲ. ಆ ಪರಂಪರೆಯ ಮಗನಾದ ನಾನೇ ಇದನ್ನು ಒಪ್ಪಿಕೊಳ್ಳಬೇಕು.

ಇನ್ನು ನನ್ನ ಮನೆಯ ಮಾತು. ಎರಡು ವರ್ಷಗಳ ಹಿಂದೆ ಕಾರ್ಯಕ್ರಮ ಪಟ್ಟಿಯಲ್ಲಿ ಆದ ಒಂದು ತಪ್ಪಿಗಾಗಿ ನಾನು ಸ್ವಯಂಸೇವಕರೊಬ್ಬರಿಗೆ ಎಲ್ಲರೂ ಓದುವಂತೆ ಕಟುವಾದ ಇಮೇಲ್ ಕಳುಹಿಸಿದೆ. ಅಂದು ಶನಿವಾರ. ಮರುದಿನ ಬೆಳಿಗ್ಗೆ ಆರಾಧನೆಯಲ್ಲಿ, ಪ್ರೀತಿ ತಾಳ್ಮೆಯುಳ್ಳದ್ದು, ಅದು ಉಬ್ಬಿಕೊಳ್ಳುವುದಿಲ್ಲ ಎಂಬ ಬೈಬಲಿನಲ್ಲಿರುವ ಪೌಲನ ಮಾತುಗಳನ್ನು ಓದುವ ಸರದಿ ನನ್ನದೇ ಆಗಿತ್ತು. ಓದಿದೆ, ಬಂದು ಕುಳಿತೆ. ಅವರ ಮನೆಗೆ ಹೋಗಿ ಕ್ಷಮೆ ಕೇಳಲು ನನಗೆ ಮತ್ತೆ ಮೂರು ವಾರ ಬೇಕಾಯಿತು. ಅವರು ಬಾಗಿಲು ತೆರೆದು, ಮೊದಲು ಒಳಗೆ ಬನ್ನಿ ಸರ್, ಹೊರಗೆ ಚಳಿ ಎಂದರು.

ಆ ರಾತ್ರಿಯ ಊಟದಲ್ಲಿದ್ದ ಶಿಷ್ಯ ಪೇತ್ರನ ವಿಷಯ ಹೇಳಲು ಉಳಿಯಿತು. ತನ್ನ ಸರದಿ ಬಂದಾಗ ಅವನು ಕಾಲನ್ನು ಹಿಂದಕ್ಕೆಳೆದುಕೊಂಡು, ನೀನು ನನ್ನ ಕಾಲು ತೊಳೆಯಲೇಕೂಡದು ಎನ್ನುತ್ತಾನೆ. ಹಾಗಾದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂದು ಯೇಸು ಉತ್ತರಿಸುತ್ತಾರೆ. ಪೇತ್ರನ ಮಾತು ವಿನಯದಂತೆಯೇ ಕಾಣುತ್ತದೆ, ಬಹುಕಾಲ ನಾನೂ ಹಾಗೆಯೇ ತಿಳಿದಿದ್ದೆ. ಕಳೆದ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಶಸ್ತ್ರಚಿಕಿತ್ಸೆಯಾದಾಗ ಈ ತಿಳಿವಳಿಕೆ ಸಡಿಲವಾಯಿತು. ಆಗ ಮನೆಯವಳು ಊರಿಗೆ ಹೋಗಿದ್ದಳು. ಸಂಘದ ಒಬ್ಬ ತರುಣ ದಿನವೂ ಕೆಲಸಕ್ಕೆ ಹೋಗುವ ಮೊದಲು ಬಂದು ನನ್ನ ಮೆಟ್ಟಿಲಿನ ಹಿಮ ಸರಿಸಿ, ಉಪ್ಪು ಹಾಕಿ, ಅನ್ನ ಸಾರಿನ ಡಬ್ಬಿಯನ್ನಿಟ್ಟು ಹೋಗುತ್ತಿದ್ದರು. ಅವರು ಕ್ರೈಸ್ತರಲ್ಲ. ಪ್ರತಿ ಹಬ್ಬದ ಊಟವಾದ ಮೇಲೆ ಬಾಡಿಗೆ ಸಭಾಂಗಣದ ಹಿಂದಿನ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗಳನ್ನು ತೊಳೆಯುವ ನಾಲ್ಕೈದು ಮಂದಿಯಲ್ಲಿ ಅವರೊಬ್ಬರು. ನಾನು ಸಂಪಾದಕನಾದ ಮೇಲೆ ಅಚ್ಚು ಹಾಕಿಸಿದ ಚಿತ್ರಗಳನ್ನೆಲ್ಲ ಆ ದಿನಗಳಲ್ಲಿ ಹಾಸಿಗೆಯ ಮೇಲೆ ಕುಳಿತು ತಿರುವಿ ನೋಡಿದೆ. ವೇದಿಕೆಯ ಚಿತ್ರಗಳು ನೂರಾರಿವೆ, ಅವರ ಮುಖ ಒಂದರಲ್ಲಿಯೂ ಇಲ್ಲ.

ಒಂದು ಬೆಳಿಗ್ಗೆ ನನ್ನನ್ನು ಆಸ್ಪತ್ರೆಗೆ ಕರೆದೊಯ್ಯಲು ಬಂದವರು, ನನಗೆ ಬಗ್ಗಿ ಕಾಲುಚೀಲ ಹಾಕಿಕೊಳ್ಳಲಾಗದಿರುವುದನ್ನು ಕಂಡರು. ಎಷ್ಟೋ ದಿನಗಳಿಂದ ಕಾಲು ತೊಳೆಯದಿರುವುದನ್ನೂ ಕಂಡಿರಬೇಕು. ಬಚ್ಚಲಿಗೆ ಹೋಗಿ ಬಕೆಟ್ಟಿನಲ್ಲಿ ಬಿಸಿನೀರು ತಂದು ನನ್ನ ಮುಂದೆ ನೆಲದ ಮೇಲೆ ಕುಳಿತರು. ಬೇಡ ಮಾರಾಯ, ನೀನು ಇದನ್ನೆಲ್ಲ ಮಾಡಬಾರದು ಎಂದು ನಾನು ಕಾಲನ್ನು ಹಿಂದಕ್ಕೆಳೆದುಕೊಂಡೆ.

“ಅಣ್ಣ, ನೀರು ಆರ್‍ತದೆ” ಎಂದರು.

ನಾನು ಕಾಲು ಚಾಚಿದೆ.