ಯಾವ ಫೋಟೊ ಹಾಕೋಣ?

ನಮ್ಮ ಕನ್ನಡ ಸಂಘದ ಸುದ್ದಿಪತ್ರದ ಈ ಸಂಕ್ರಾಂತಿ ಸಂಚಿಕೆ ಹತ್ತು ದಿನ ತಡವಾಗಿ ನಿಮ್ಮ ಕೈ ಸೇರುತ್ತಿದೆ. ತಪ್ಪು ನನ್ನದೇ. ಒಂದು ಫೋಟೊ ಆರಿಸಲು ಇಷ್ಟು ದಿನ ಹಿಡಿಯಿತು ಅಂದರೆ ನೀವು ನಂಬಲಿಕ್ಕಿಲ್ಲ.

2024ರ ಡಿಸೆಂಬರ್ 10ರ ಬೆಳಗಿನ ಜಾವ ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನ ಸದಾಶಿವನಗರದ ಮನೆಯಲ್ಲಿ ತೀರಿಕೊಂಡರು. 92 ವರ್ಷ ವಯಸ್ಸಾಗಿತ್ತು. ಇಲ್ಲಿ ಟೆಕ್ಸಸ್‌ನಲ್ಲಿ ನಮಗಿನ್ನೂ 9ನೇ ತಾರೀಖಿನ ಮಧ್ಯಾಹ್ನ. ಆಫೀಸಿನಲ್ಲಿ ಕಾಫಿ ಹಿಡಿದು ಕೂತವನಿಗೆ ಊರಿನಿಂದ ತಮ್ಮನ ಫೋನು. ‘ಕೃಷ್ಣ ಹೋದ್ರಂತೆ’ ಅಂದ. ಊರಲ್ಲಿ ಆ ಹೊತ್ತಿಗೆ ಎದ್ದಿದ್ದವನು ಇವನೊಬ್ಬನೇ ಇರಬೇಕು, ಹಸು ಕರು ಹಾಕುತ್ತಿತ್ತಂತೆ.

ಬೆಳಗಾವಿಯಲ್ಲಿ ಆಗಷ್ಟೇ ಶುರುವಾಗಿದ್ದ ಅಧಿವೇಶನ ಮುಂದಕ್ಕೆ ಹೋಯಿತು. ಸರ್ಕಾರ ಮೂರು ದಿನ ಶೋಕ ಸಾರಿತು. 11ರಂದು ರಜೆ ಕೊಟ್ಟು, ಮಂಡ್ಯ ಜಿಲ್ಲೆಯ ಹುಟ್ಟೂರು ಸೋಮನಹಳ್ಳಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ಮಾಡಿತು. ಅಲ್ಲಿಯದು ಅಲ್ಲಿಗೆ ಮುಗಿಯಿತು. ಇಲ್ಲಿ ನಮ್ಮದು ಶುರುವಾಯಿತು.

ಆ ಶನಿವಾರ ಮಕ್ಕಳ ಕನ್ನಡ ಕಲಿ ತರಗತಿ ಮುಗಿದ ಮೇಲೆ ಒಂದು ನಿಮಿಷ ಮೌನ ಆಚರಿಸೋಣ ಅಂದುಕೊಂಡಿದ್ದೆವು. ಔಷಧಿ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಒಂದು ಫೋಟೊ, ಮಡಚುವ ಟೇಬಲ್ಲು, ಅದರ ಮೇಲೆ ಯಾರದೋ ಮನೆಯ ಬಿಳಿ ಪಂಚೆ, ಒಂದು ದೀಪ. ಫೈರ್ ಅಲಾರಂ ಹೊಡೆದುಕೊಂಡೀತು ಅಂತ ಊದುಬತ್ತಿ ಹಚ್ಚಲಿಲ್ಲ. ಫೋಟೊದಲ್ಲಿ ಕೃಷ್ಣ ಸೂಟು ತೊಟ್ಟು, ಟೈ ಕಟ್ಟಿ, ತುಸು ನಗುತ್ತಿದ್ದರು. ವಿದೇಶಾಂಗ ಸಚಿವರಾಗಿದ್ದಾಗಿನ ಚಿತ್ರ. ಕರ್ನಾಟಕದ ರಾಜಕಾರಣಿಗಳಲ್ಲಿ ಅವರಷ್ಟು ಅಚ್ಚುಕಟ್ಟಾಗಿ ಬಟ್ಟೆ ತೊಡುತ್ತಿದ್ದವರು ಕಡಿಮೆ, ಅಲ್ವಾ?

ಮೌನ ಮುಗಿದದ್ದೇ ತಡ, ಮಾತು ಶುರು.

ಹಿರಿಯರೊಬ್ಬರು ಎದ್ದು ನಿಂತರು. ಬೆಂಗಳೂರಿನವರು, ಎಂಜಿನಿಯರ್ ಆಗಿ ನಿವೃತ್ತರಾದವರು. ‘ಇವರಿಲ್ಲದಿದ್ದರೆ ನಾವ್ಯಾರೂ ಈ ದೇಶದಲ್ಲಿ ಇರ್ತಿರಲಿಲ್ಲ’ ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಅವರ ಮೇಲೆ ತುಂಬಾ ಗೌರವ, ಆದರೆ ಈ ಮಾತು ಸ್ವಲ್ಪ ಜಾಸ್ತಿಯಾಯಿತು. ನಮ್ಮ ಡಲ್ಲಾಸಿನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಹೋಗಿದ್ದು 1985ರಲ್ಲಿ. ಕೃಷ್ಣ ಮುಖ್ಯಮಂತ್ರಿಯಾಗಿದ್ದು 1999ರ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಜನ ಇಲ್ಲಿಗೆ ಬಂದು ಮೊದಲ ಕಾರಿನ ಸಾಲ ತೀರಿಸುತ್ತಿದ್ದರು.

ಹಾಗಂತ ಹಿರಿಯರ ಮಾತಲ್ಲಿ ಹುರುಳಿಲ್ಲ ಅನ್ನಲಾರೆ. ಬೆಂಗಳೂರನ್ನು ಸಿಂಗಪುರ ಮಾಡುತ್ತೇನೆ ಅಂದವರು ಕೃಷ್ಣ. ಅದು ಆಗಲಿಲ್ಲ, ನಿಜ. ಆದರೆ ಇನ್ಫೋಸಿಸ್‌ನ ನಂದನ್ ನಿಲೇಕಣಿ ಅಂಥವರನ್ನು ಕರೆದು, ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಅಂತ ಕಟ್ಟಿ, ‘ಈ ಊರನ್ನು ಏನು ಮಾಡೋಣ ಹೇಳಿ’ ಎಂದು ಕೇಳಿದ ಮುಖ್ಯಮಂತ್ರಿ ಅದಕ್ಕೂ ಮುಂಚೆ ಇರಲಿಲ್ಲ. ಆರಿಸಿ ಬಂದ ಕಾರ್ಪೊರೇಟರ್‌ಗಳನ್ನು ಬಿಟ್ಟು ಕಂಪನಿಯವರನ್ನು ಕೇಳಿದ್ದು ಸರಿಯೇ ಅಂತ ಆಗಲೂ ಜಗಳವಾಗಿತ್ತು. ನನ್ನನ್ನು ಕೇಳಿದರೆ ಆ ಜಗಳದಲ್ಲಿ ಕಾರ್ಪೊರೇಟರ್‌ಗಳ ಪಕ್ಷವೂ ಗಟ್ಟಿಯಾಗಿತ್ತು.

ಇನ್ನೊಂದು ವಿಷಯ ಇಲ್ಲಿಯವರಿಗೆ ಹತ್ತಿರದ್ದು. ಕೃಷ್ಣ ನಮ್ಮ ಈ ಡಲ್ಲಾಸಿನಲ್ಲೇ ಓದಿದವರು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನಲ್ಲಿ ಲಾ ಮುಗಿಸಿ, ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿಂದ ವಾಷಿಂಗ್ಟನ್‌ಗೆ. 1960ರ ಚುನಾವಣೆಯಲ್ಲಿ ಜಾನ್ ಎಫ್. ಕೆನಡಿಗೆ ಕಾಗದ ಬರೆದು, ಭಾರತೀಯರು ಇರುವ ಕಡೆ ನಿಮ್ಮ ಪರ ಪ್ರಚಾರ ಮಾಡುತ್ತೇನೆ ಅಂದರಂತೆ. ಗೆದ್ದ ಮೇಲೆ ಕೆನಡಿ ಥ್ಯಾಂಕ್ಸ್ ಹೇಳಿ ಉತ್ತರ ಬರೆದರು. ಮದ್ದೂರು ತಾಲ್ಲೂಕಿನ ಹುಡುಗ! ಊರಿಗೆ ಮರಳಿ, 1962ರಲ್ಲಿ ಪಕ್ಷೇತರನಾಗಿ ನಿಂತು ಮದ್ದೂರಿನಿಂದ ವಿಧಾನಸಭೆಗೆ ಗೆದ್ದೇ ಬಿಟ್ಟರು. ಆಗ ಅವರಿಗೆ 29 ವರ್ಷ.

ನಾನು ಮಾತಾಡಬೇಕಾಗಿ ಬಂದಾಗ ಹೇಳಿದ್ದು ಇದ್ಯಾವುದನ್ನೂ ಅಲ್ಲ. ಒಂದು ಹಾಳೆಯ ಕತೆ ಹೇಳಿದೆ.

ನಮ್ಮದು ಬಯಲುಸೀಮೆಯ ಸಣ್ಣ ಊರು. ಬ್ಯಾಂಕಿನಲ್ಲಿ ಬೆಳೆಸಾಲ ಕೇಳಬೇಕಾದರೆ ಪಹಣಿ ಬೇಕು. ಪಹಣಿ ಪುಸ್ತಕ ಶಾನುಭೋಗರ ಕೈಲಿ. ಅವರು ಇದ್ದರೆ ಪುಸ್ತಕ ಇರುತ್ತಿರಲಿಲ್ಲ, ಪುಸ್ತಕ ಇದ್ದರೆ ಅವರಿರುತ್ತಿರಲಿಲ್ಲ. ಎರಡೂ ಒಟ್ಟಿಗೆ ಸಿಕ್ಕ ದಿನ ಅಪ್ಪ ಏನು ಕೊಟ್ಟು ಬರುತ್ತಿದ್ದರು ಅಂತ ಅಮ್ಮನಿಗೂ ಹೇಳುತ್ತಿರಲಿಲ್ಲ. ಆಮೇಲೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸುವ ಸರ್ಕಾರದ ‘ಭೂಮಿ’ ಯೋಜನೆ ಬಂತು. ತಾಲ್ಲೂಕು ಕಚೇರಿಯಲ್ಲಿ ಒಂದು ಕಿಟಕಿ, ಕಿಟಕಿಯಾಚೆ ಕಂಪ್ಯೂಟರು. 15 ರೂಪಾಯಿ ಕೊಟ್ಟು ಸರ್ವೆ ನಂಬರ್ ಹೇಳಿದರೆ ಪ್ರಿಂಟ್ ಆದ ಪಹಣಿ ಕೈಗೆ. ಅಪ್ಪ ಮೊದಲ ಸಲ ತಂದ ದಿನ ಆ ಹಾಳೆಯನ್ನು ಮಡಚಲಿಲ್ಲ. ಸುರುಳಿ ಸುತ್ತಿ, ಬಸ್ಸಿನಲ್ಲಿ ನಿಂತೇ ಬಂದು, ದೇವರ ಗೂಡಿನಲ್ಲಿ ಪಂಚಾಂಗದ ಪಕ್ಕ ಇಟ್ಟರು. ಈ ಕೆಲಸದ ಬೀಜ ಕೃಷ್ಣ ಬರುವ ಮುಂಚೆಯೇ ಬಿದ್ದಿತ್ತು, ಬೆವರು ಸುರಿಸಿದವರು ಅಧಿಕಾರಿಗಳು. ಆದರೂ ರಾಜ್ಯದ ತಾಲ್ಲೂಕು ತಾಲ್ಲೂಕಿಗೂ ಅದು ಮುಟ್ಟಿದ್ದು ಅವರ ಕಾಲದಲ್ಲಿ.

ಅದೇ ವರ್ಷ ನಮ್ಮ ಕೊಳವೆಬಾವಿ ಬತ್ತಿತು. ಪಹಣಿ ಇತ್ತು, ಬೆಳೆ ಇರಲಿಲ್ಲ. ಇದನ್ನೂ ಹೇಳಿದೆ.

ರಾಯಚೂರಿನ ತಂಗಿಯೊಬ್ಬಳು, ಇಲ್ಲಿಗೆ ಬಂದು ಎರಡು ವರ್ಷವೂ ಆಗಿಲ್ಲ, ಹಿಂದಿನ ಸಾಲಿನಿಂದ ಕೈ ಎತ್ತಿದಳು. ‘ನಮಗ ಅವರು ಅಂದ್ರ ಬಿಸಿಯೂಟರೀ’ ಅಂದಳು. 2002ರಲ್ಲಿ ಬಿಸಿಯೂಟ ಮೊದಲು ಶುರುವಾಗಿದ್ದು ಆ ಕಡೆಯ ಏಳು ಜಿಲ್ಲೆಗಳಲ್ಲೇ. ಅವಳಾಗ ಮೂರನೇ ಕ್ಲಾಸು. ಅಷ್ಟೇ ಹೇಳಿ ಕೂತಳು. ಆ ದಿನದ ಅತಿ ಸಣ್ಣ ಭಾಷಣ ಅದು, ಅತ್ಯುತ್ತಮವೂ ಅದೇ.

ಆಮೇಲೆ ಎದ್ದವನು ನಮ್ಮ ಮಂಡ್ಯದ ಗೆಳೆಯ.

‘ಸತ್ತ ಎಮ್ಮೆಗೆ ಹಾಲು ಜಾಸ್ತಿ ಕಣಣ್ಣ’ ಅಂತಲೇ ಶುರು ಮಾಡಿದ. ಸಭೆ ಗಪ್‌ಚಿಪ್. ‘ಆಯಪ್ಪ ದೊಡ್ಡೋರೇ. ಇಲ್ಲ ಅನ್ನಲ್ಲ. ಆದ್ರೆ ನಮ್ ನಾಲೆ ಒಣಗಿದ್ದನ್ನ ಯಾರಾದ್ರೂ ಒಬ್ರು ಹೇಳ್ಬೇಕಲ್ವಾ?’

2002. ಮಳೆ ಕೈಕೊಟ್ಟ ವರ್ಷ. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ ದಿನಕ್ಕೆ 1.25 ಟಿಎಂಸಿ ನೀರು ಬಿಡಿ ಅಂದಿತು. ಪ್ರಧಾನಿ ವಾಜಪೇಯಿ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರ ಅದನ್ನು 0.8ಕ್ಕೆ ಇಳಿಸಿತು. ನೀರು ಹರಿಯಿತು, ಮಂಡ್ಯ ಹೊತ್ತಿಕೊಂಡಿತು. ಕಬಿನಿ ಜಲಾಶಯಕ್ಕೆ ರೈತರೊಬ್ಬರು ಹಾರಿ ಪ್ರಾಣ ಬಿಟ್ಟ ಮೇಲೆ ಸರ್ಕಾರ ನೀರು ನಿಲ್ಲಿಸಿತು. ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಬೆಂಗಳೂರಿನಿಂದ ಮಂಡ್ಯದ ಕಡೆ ಪಾದಯಾತ್ರೆ ಹೊರಟರು. ಕೋರ್ಟು ನ್ಯಾಯಾಂಗ ನಿಂದನೆ ಅಂತ ಗದರಿತು. ಕೊನೆಗೆ ಕ್ಷಮೆ ಕೇಳಿ ನೀರು ಬಿಟ್ಟರು. ಇತ್ತ ತಮಿಳುನಾಡಿಗೂ ಸಿಟ್ಟು, ಅತ್ತ ಮಂಡ್ಯಕ್ಕೂ ಸಿಟ್ಟು, ಮಧ್ಯೆ ಕೋರ್ಟಿಗೂ ಸಿಟ್ಟು. ಆ ಕುರ್ಚಿಯಲ್ಲಿ ಯಾರು ಕೂತಿದ್ದರೂ ಬೇರೆ ಏನು ಮಾಡಬಹುದಿತ್ತೋ ನನಗೆ ಹೊಳೆಯುತ್ತಿಲ್ಲ. ಆದರೆ ಮಂಡ್ಯದವರಿಗೆ ಅಲ್ಲಿ ಕೂತಿದ್ದವರು ಯಾರೋ ಅಲ್ಲ, ಸೋಮನಹಳ್ಳಿಯವರು. ಉರಿ ಇರುವುದೇ ಅಲ್ಲಿ.

‘ಎರಡು ವರ್ಷಕ್ಕೆ ಎಲೆಕ್ಷನ್ ಬಂತು. ಮದ್ದೂರು ಬಿಟ್ಟು ಚಾಮರಾಜಪೇಟೆಗೆ ಹೋದ್ರು. ಕೈ ಕೊಟ್ರು ಕಣಣ್ಣ’ ಅಂದ. ಅದು ನಿಜ. 2004ರಲ್ಲಿ ಅವರು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಿಂತು ಗೆದ್ದರು, ಸರ್ಕಾರ ಮಾತ್ರ ಉಳಿಯಲಿಲ್ಲ.

ಹಿರಿಯರು ಕೆಂಪಾದರು. ‘ಹನ್ನೊಂದನೇ ದಿನ ಕೂಡ ಆಗಿಲ್ಲ, ಇದೇನ್ರೀ ಮಾತು? ಸಂಕ್ರಾಂತಿಗೆ ಒಳ್ಳೆ ಮಾತಾಡಿ ಅಂತ ಎಳ್ಳುಬೆಲ್ಲ ಹಂಚೋ ಸಂಘ ನಮ್ಮದು!’ ಹಿಂದಿನಿಂದ ಇನ್ನ್ಯಾರೋ ವಿಶ್ವಸಂಸ್ಥೆಯ ಪ್ರಸಂಗ ತೆಗೆದರು. 2011ರಲ್ಲಿ ಭದ್ರತಾ ಮಂಡಳಿಯಲ್ಲಿ ಕೃಷ್ಣ ತಮ್ಮ ಭಾಷಣ ಬಿಟ್ಟು ಪೋರ್ಚುಗಲ್ ಸಚಿವರದ್ದನ್ನು ಸುಮಾರು ಮೂರು ನಿಮಿಷ ಓದಿದ್ದು. ನಗು ಎದ್ದಿತು. ಇನ್ನೊಬ್ಬರು, 85ರ ಹತ್ತಿರ ಬಂದಾಗ ‘ಕೈ’ ಬಿಟ್ಟು ಕಮಲ ಹಿಡಿದದ್ದು ಸರಿಯೇ ಎಂದು ಕೇಳಿದರು. ಅಷ್ಟರಲ್ಲಿ ಮಕ್ಕಳು ಮೂಲೆಯಲ್ಲಿದ್ದ ಚಕ್ಕುಲಿ ಡಬ್ಬ ಖಾಲಿ ಮಾಡಿದ್ದರು. ಸಭೆ ಮುಗಿಯಿತು ಅನ್ನುವುದಕ್ಕಿಂತ ಚದುರಿತು ಅನ್ನಬೇಕು.

ಮರುದಿನದಿಂದ ನನಗೆ ಫೋನುಗಳು. ಸುದ್ದಿಪತ್ರದಲ್ಲಿ ಶ್ರದ್ಧಾಂಜಲಿ ಮಾತ್ರ ಇರಲಿ, ಮಂಡ್ಯದವನ ಮಾತು ಬೇಡ ಎಂದು ಐದಾರು ಜನ. ಹೊಗಳಿಕೆ ಸಾಕು, ರೈತರ ಆತ್ಮಹತ್ಯೆಯನ್ನೂ ಬರೆಯಿರಿ ಎಂದು ಇಬ್ಬರು. ರಾಜ್‌ಕುಮಾರ್ ಅಪಹರಣದ 108 ದಿನ ಅವರು ತಾಳ್ಮೆಯಿಂದ ನಾಡನ್ನು ಕಾಪಾಡಿದರು ಎಂದು ಒಬ್ಬರು. ಆ 108 ದಿನ ಸರ್ಕಾರ ಕಾಡುಗಳ್ಳನ ಮುಂದೆ ಮಂಡಿಯೂರಿತು ಎಂದು ಅವರ ಹೆಂಡತಿ, ಅದೇ ಫೋನಿನಲ್ಲಿ. ಈ ಎರಡು ಮಾತೂ 2000ದಲ್ಲೇ ಇದ್ದವು. ವೀರಪ್ಪನ್ ಕೇಳಿದ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೈದಿಗಳನ್ನು ಬಿಡಲು ಸರ್ಕಾರ ಹೊರಟಾಗ, ವೀರಪ್ಪನ್ ಕೈಲಿ ಮಗನನ್ನು ಕಳೆದುಕೊಂಡ ಒಬ್ಬ ತಂದೆ ಸುಪ್ರೀಂ ಕೋರ್ಟಿಗೆ ಹೋಗಿ ತಡೆದಿದ್ದರು. ಆ ಮಗ ಪೊಲೀಸ್ ಅಧಿಕಾರಿಯಾಗಿದ್ದರು. ಅಣ್ಣಾವ್ರು ಕ್ಷೇಮವಾಗಿ ಬರಲಿ ಅಂತ ಹರಕೆ ಹೊತ್ತ ನಾನು, ಆ ತಂದೆ ಹೇಳಿದ್ದು ತಪ್ಪು ಅಂತ ಒಂದು ದಿನವೂ ಅಂದುಕೊಳ್ಳಲಿಲ್ಲ.

ಒಬ್ಬರು ಮಾತ್ರ ಗಟ್ಟಿಯಾಗಿ ಹೇಳಿದರು, ‘2014ರಲ್ಲಿ ಅನಂತಮೂರ್ತಿ ತೀರಿಕೊಂಡಾಗ ಪಟಾಕಿ ಹೊಡೆದವರಿಗೂ ನಿಮ್ಮ ಮಂಡ್ಯದವನಿಗೂ ಏನು ವ್ಯತ್ಯಾಸ?’ ಈ ಪ್ರಶ್ನೆ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ವ್ಯತ್ಯಾಸ ಇದೆ. ಪಟಾಕಿ ಹೊಡೆದವರಿಗೆ ಸತ್ತವರು ಏನೂ ಆಗಬೇಕಿರಲಿಲ್ಲ, ಮನೆಯವರ ಅಳು ಕೇಳುವ ದೂರದಲ್ಲೂ ಅವರಿರಲಿಲ್ಲ. ಸಾವು ಅವರಿಗೆ ಹಬ್ಬ. ನಮ್ಮ ಗೆಳೆಯ ಮೌನದ ಆ ಒಂದು ನಿಮಿಷ ಎಲ್ಲರಿಗಿಂತ ನೆಟ್ಟಗೆ ನಿಂತಿದ್ದ. ಸಾವಿನ ಮನೆಯಲ್ಲಿ ನೋಡಿಲ್ಲವೇ? ಹೊರಗಿನವರು ‘ಎಂಥ ಮನುಷ್ಯ, ಎಂಥ ಮನುಷ್ಯ’ ಅನ್ನುತ್ತಿರುತ್ತಾರೆ. ಒಳಗೆ ಹೆಣದ ಪಕ್ಕ ಕೂತ ತಂಗಿ ‘ನನ್ನ ಮದುವೆಗೆ ಬರಲಿಲ್ಲವಲ್ಲೋ ಅಣ್ಣಾ, ಹೀಗೆ ಮಾಡಬಹುದಾ’ ಅಂತ ಎದೆ ಬಡಿದುಕೊಂಡು ಬೈಯುತ್ತಿರುತ್ತಾಳೆ. ಅವಳನ್ನು ಎಬ್ಬಿಸಿ ಹೊರಗೆ ಕಳಿಸುವವರನ್ನು ನಾನು ಕಂಡಿಲ್ಲ.

ಹಾಗಾಗಿ ಈ ಸಂಚಿಕೆಯಲ್ಲಿ ಹಿರಿಯರ ಬರಹವೂ ಇದೆ, ಮಂಡ್ಯದ ಗೆಳೆಯನದೂ ಇದೆ. ಎದುರುಬದುರು ಪುಟಗಳಲ್ಲಿ. ಪುಟದ ಜಾಗದ ಲೆಕ್ಕದಲ್ಲಿ ಹಿರಿಯರ ಬರಹವನ್ನು ಸ್ವಲ್ಪ ಕತ್ತರಿಸಿದ್ದೇನೆ, ಬೈಯಬೇಡಿ. ಗೆಳೆಯನ ಬರಹದಲ್ಲಿ ‘ಕೈ ಕೊಟ್ರು’ ಎಂಬುದನ್ನು ‘ನಿರಾಸೆ ಮಾಡಿದರು’ ಎಂದು ತಿದ್ದಲು ಕೇಳಿದೆ. ‘ನಿರಾಸೆ ಅಂದ್ರೆ ಏನಣ್ಣ, ಸಿನಿಮಾ ಟಿಕೆಟ್ ಸಿಗದಿದ್ರೆ ಆಗೋದಾ?’ ಅಂದ. ಬಿಟ್ಟೆ. ಇಷ್ಟರ ಮಧ್ಯೆ ಡಿಸೆಂಬರ್ 26ರಂದು ಮನಮೋಹನ್ ಸಿಂಗ್ ಕೂಡ ಹೋದರು. ಕೃಷ್ಣ ಅವರ ಸಂಪುಟದಲ್ಲಿದ್ದವರು. ಅವರಿಗೊಂದು ಪುಟ ಬೇರೆ ತೆಗೆಯಬೇಕಾಯಿತು, ಅದಕ್ಕೇ ಈ ಸಲ ಪದಬಂಧ ಇಲ್ಲ.

ಉಳಿದದ್ದು ಫೋಟೊ. ಸೂಟಿನದು ಹಾಕಿದರೆ ಮಂಡ್ಯದ ಪುಟಕ್ಕೆ ಹೊಂದದು. ಹಾಗಂತ ಎರಡು ಫೋಟೊಗೆ ಜಾಗವಿಲ್ಲ. ಸುಮ್ನೆ ಹೂವಿನ ಚಿತ್ರ ಹಾಕಿಬಿಡೋಣ ಅನ್ನುವಷ್ಟು ಬೇಸತ್ತಿದ್ದೆ. ಆಗ ಗೆಳೆಯನೇ ಊರಿನಿಂದ ಒಂದು ಹಳೆಯ ಫೋಟೊ ತರಿಸಿದ. ಪಾದಯಾತ್ರೆ ಮದ್ದೂರು ದಾಟುವಾಗ ಅವನ ಚಿಕ್ಕಪ್ಪ ತೆಗೆದದ್ದು. ಬಣ್ಣ ಮಾಸಿದೆ. ಜನರ ನಡುವೆ ಕೃಷ್ಣ, ಬಿಳಿ ಬಟ್ಟೆ, ಮುಖ ಬಿಸಿಲಿಗೆ ಕಂದಿದೆ. ಗೆಳೆಯನಿಗೆ ಆಗ 14 ವರ್ಷ. ಅವನ ತಾತ ಅಂದು ಬೆಳಿಗ್ಗೆಯೇ ಮಜ್ಜಿಗೆ ತೆಗೆದುಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದರಂತೆ. ಆ ತಾತನ ಗದ್ದೆಯಲ್ಲಿ ಆ ವರ್ಷ ಕಬ್ಬು ಒಣಗಿ ಬೆಂಕಿಗೂ ಬೇಡವಾಗಿತ್ತು.

‘ನೀರು ಬಿಟ್ಟವ್ರಿಗೆ ಮಜ್ಜಿಗೆ ಯಾಕ್ ತಾತ ಅಂತ ಕೇಳ್ದೆ’ ಅಂದ ಗೆಳೆಯ. ‘ಬಿಸ್ಲಲ್ಲಿ ನಡ್ಕಂಡ್ ಬತ್ತಾವ್ರೆ ಕಣ್ಲಾ ಅಂದ್ರು.’

ಫೋಟೊದ ಎಡತುದಿಯಲ್ಲಿ, ಜನರ ಸಂದಿಯಿಂದ ಯಾರದೋ ಕೈ ಚಾಚಿದೆ, ಕೈಯಲ್ಲೊಂದು ಚೊಂಬು. ನಿಮ್ಮ ತಾತನದೇ ಇರಬೇಕು ಅಂದೆ. ಅವನು ಫೋನಿನಲ್ಲಿ ಚಿತ್ರ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ.

‘ಅಲ್ಲ ಕಣಣ್ಣ. ನಮ್ದು ಹಿತ್ತಾಳೆ ಚೊಂಬು. ಇದು ಸ್ಟೀಲು.’