ಕ್ಯೂಬಾದ ಕಾದಂಬರಿ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಕ್ಯೂಬಾಕ್ಕೆ ಹೋದ ಚೀನೀ ಕರಾರು ಕೂಲಿಗಳ ಬಗ್ಗೆ ನೀನು ಬರೆಯುತ್ತಿರುವ ಕಾದಂಬರಿಯ ಹಸ್ತಪ್ರತಿ ಪೂರ್ತಿ ಓದಿದೆ. ಅಧ್ಯಾಯ ಎಷ್ಟು ಉದ್ದವಿರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಬೇರೆ ಯಾರಾದರೂ ಹೇಳಿಕೊಡುತ್ತಾರೆ, ಬಿಡು. ‘ಇದು ನನ್ನ ಕೈಲಾಗದು’ ಎಂದು ಕೊನೆಗೆ ಬರೆದೆಯಲ್ಲ, ಅದಕ್ಕೇ ಈ ಪತ್ರ. ಖಂಡಿತ ಆಗುತ್ತದೆ. ಹಡಗಿನಲ್ಲಿ ನೀರಿಗಾಗಿ ನಡೆಯುವ ಜಗಳವನ್ನು ಹಾಗೆ ಬರೆದವಳು ಉಳಿದದ್ದನ್ನೂ ಬರೆದಾಳು.

ಆದರೆ ನೀನು ಸಾಕಷ್ಟು ಓದಿಲ್ಲ. ನಿನ್ನ ನಾಯಕ ಚೀನಾ ಕರಾವಳಿಯ ಬಂದರು ಮಕಾವಿನಲ್ಲಿ ಐದು ವರ್ಷದ ಕರಾರಿಗೆ ಒಪ್ಪಿ ಹೆಂಡತಿಯ ಜೊತೆ ಹಡಗು ಹತ್ತುತ್ತಾನೆ. ಅದು ಫಿಜಿಗೆ ಹೋದ ನಮ್ಮವರ ಗಿರ್ಮಿಟ್, ಅಂದರೆ ಭಾರತೀಯರ ಕರಾರು ಕೂಲಿ. ಅಲ್ಲಿ ನೂರು ಗಂಡಸರಿಗೆ ನಲವತ್ತು ಹೆಂಗಸರು ಎಂಬ ನಿಯಮವಿತ್ತು. ಕ್ಯೂಬಾದಲ್ಲಿ 1847ರಿಂದ 1874ರವರೆಗೆ ಇಳಿದ ಸುಮಾರು 1,25,000 ಚೀನೀಯರು ಹೆಚ್ಚುಕಡಿಮೆ ಎಲ್ಲರೂ ಗಂಡಸರೇ, ಕರಾರು ಎಂಟು ವರ್ಷದ್ದು. ಹಡಗು ಆಫ್ರಿಕಾದ ತುದಿ ಬಳಸಿ ಹವಾನಾ ಮುಟ್ಟಲು ತಿಂಗಳುಗಟ್ಟಲೆ ಬೇಕು. ನೀನು ಆರೇ ವಾರದಲ್ಲಿ ಮುಟ್ಟಿಸಿದ್ದೀಯ! ಅವರು ಗುಲಾಮಗಿರಿ ಮುಗಿದ ಮೇಲೆ ಬಂದವರು ಎಂದು ನೀನು ಬರೆದದ್ದೂ ತಪ್ಪು. ಬ್ರಿಟಿಷ್ ವಸಾಹತುಗಳ ಮಟ್ಟಿಗೆ ಆ ಮಾತು ಸರಿ. ಸ್ಪೇನಿನ ಕ್ಯೂಬಾದಲ್ಲಿ ಗುಲಾಮಗಿರಿ 1886ರವರೆಗೂ ಇತ್ತು, ಚೀನೀಯರು ಆಫ್ರಿಕನ್ ಗುಲಾಮರ ಪಕ್ಕದಲ್ಲೇ ಕಬ್ಬು ಕಡಿದರು.

ಕರಾರುಪತ್ರವನ್ನು ಒಂದೊಂದೇ ಸಾಲು ಓದು. ಒಂದು ಕಡೆ ಸ್ಪ್ಯಾನಿಷ್, ಇನ್ನೊಂದು ಕಡೆ ಚೀನೀ ಭಾಷೆ. ತಿಂಗಳಿಗೆ 4 ಪೆಸೊ, ಅಂದರೆ ಎಂಟು ವರ್ಷಕ್ಕೆ 384. ಹಡಗು ಹತ್ತುವ ಮುಂಚೆ ಕೊಟ್ಟ ಮುಂಗಡವನ್ನು ಅದರಲ್ಲೇ ಮುರಿದುಕೊಳ್ಳುತ್ತಿದ್ದರು. ಕ್ಯೂಬಾದ ಸ್ವತಂತ್ರ ಕೂಲಿಗಳಿಗೂ ಗುಲಾಮರಿಗೂ ಇದಕ್ಕಿಂತ ಬಹಳ ಹೆಚ್ಚು ಸಿಗುತ್ತದೆಂದು ಗೊತ್ತಿದ್ದೂ ಒಪ್ಪಿದ್ದೇನೆ ಎಂದು ಕರಾರಿಗೆ ಬಂದವನಿಂದಲೇ ಬರೆಸಿಕೊಳ್ಳುತ್ತಿದ್ದರು. ಈ ಒಂದು ಕಲಮಿನ ಮುಂದೆ ನಿನ್ನ ಕ್ರೂರ ಮೇಸ್ತ್ರಿಯ ಚಾಟಿ ಏನೂ ಅಲ್ಲ. ಓಡಿಹೋಗಿ ಸಿಕ್ಕಿಬಿದ್ದರೆ ತಪ್ಪಿಸಿಕೊಂಡಿದ್ದಷ್ಟು ದಿನ ಕರಾರಿನ ಅವಧಿ ಉದ್ದವಾಗುತ್ತಿತ್ತು. 1860ರ ನಿಯಮದ ಪ್ರಕಾರ, 1861ರ ಫೆಬ್ರವರಿ ನಂತರ ಬಂದವರು ಕರಾರು ಮುಗಿದ ಎರಡು ತಿಂಗಳಲ್ಲಿ ಮತ್ತೆ ಕರಾರಿಗೆ ಒಪ್ಪಬೇಕು, ಇಲ್ಲವೇ ಸ್ವಂತ ಖರ್ಚಿನಲ್ಲಿ ದ್ವೀಪ ಬಿಡಬೇಕು. ಆ ಕೂಲಿಯಲ್ಲಿ ಹಡಗಿನ ದುಡ್ಡು ಯಾರ ಕೈಯಲ್ಲಿ ಉಳಿದೀತು? ನಿನ್ನ ನಾಯಕ ಕರಾರು ಮುಗಿಸಿ ಊರಿಗೆ ಮರಳುವ ಅಧ್ಯಾಯ ಇಲ್ಲೇ ಕುಸಿಯುತ್ತದೆ.

ನನ್ನನ್ನು ನಿಜವಾಗಿ ಕೆರಳಿಸಿದ್ದು ಅವನ ಮೌನ. ಪುಟಗಟ್ಟಲೆ ಅಳುತ್ತಾನೆ, ಬಾಯಿ ಬಿಡುವುದಿಲ್ಲ. ಇಂಥ ಕಣ್ಣೀರನ್ನು ‘ಮಾನವೀಯ’ ಎಂದು ಮೆಚ್ಚುವ ವಿಮರ್ಶಕರ ಮೇಲೆ ನನಗೆ ಹಳೆಯ ಸಿಟ್ಟಿದೆ. ಅವರ ಹೊಗಳಿಕೆಗೆ ಬೀಳಬೇಡ. ಆ ಚೀನೀ ಕೂಲಿಗಳು ಮಾತಾಡಿದ್ದಾರೆ ತಂಗಿ! 1874ರಲ್ಲಿ ಚೆನ್ ಲಾನ್‌ಬಿನ್ ನೇತೃತ್ವದ ಚೀನೀ ಆಯೋಗ ತೋಟಗಳಿಗೂ ಜೈಲುಗಳಿಗೂ ಹೋಗಿ 1,176 ಹೇಳಿಕೆ ಬರೆದುಕೊಂಡಿತು. ಜೊತೆಗೆ 1,665 ಜನ ಸಹಿ ಹಾಕಿದ 85 ಮನವಿಗಳು. ಪದ್ಯದಲ್ಲಿ ಬರೆದದ್ದೂ ಇದೆ. ಹತ್ತರಲ್ಲಿ ಎಂಟು ಜನ ತಮ್ಮನ್ನು ಹೊತ್ತೊಯ್ದರು ಅಥವಾ ವಂಚಿಸಿದರು ಎಂದರು.

ಅದನ್ನು ಓದುವಾಗ ಒಂದು ಎಚ್ಚರ. ಹೇಳಿಕೆಗಳು ಮೊದಲೇ ಸಿದ್ಧಪಡಿಸಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರ. ಕರೆತಂದದ್ದು ಹೇಗೆ, ಕೂಲಿ ಎಷ್ಟು, ಶಿಕ್ಷೆ ಏನು ಎಂಬುದು ಧಾರಾಳವಾಗಿ ಸಿಗುತ್ತದೆ. ಗೆಳೆತನ, ಹರಟೆ, ಪಕ್ಕದ ಗುಲಾಮನೊಡನೆ ಇದ್ದ ಜಗಳ ಅಥವಾ ಸಲಿಗೆ ಅಷ್ಟಾಗಿ ಸಿಗುವುದಿಲ್ಲ, ಏಕೆಂದರೆ ಅದನ್ನು ಯಾರೂ ಕೇಳಲಿಲ್ಲ. ಕಾದಂಬರಿಗಾರ್ತಿಗೆ ಜಾಗ ಇರುವುದು ಅಲ್ಲಿ. ಅವರೇ ಹೇಳಿದ್ದನ್ನು ಮಾತ್ರ ತಿರುಚಬೇಡ, ಅದಕ್ಕೆ ಬಣ್ಣ ಬಳಿಯಬೇಡ. ಒಂದೊಂದು ಹೇಳಿಕೆಗೂ ಒಂದು ಹಾಳೆ ಇಟ್ಟುಕೊಂಡು ಹೆಸರು, ಊರು, ಮೋಸಗೊಳಿಸಿದ ಬಗೆ, ಮಾರಿದ ಜಾಗ, ಕೆಲಸ ಬರೆದುಕೊ. ಐವತ್ತು ಹಾಳೆ ತುಂಬುವವರೆಗೆ ಕಾದಂಬರಿ ಮುಟ್ಟಬೇಡ.

ಆಮೇಲೆ ಮಕಾವಿನ ಅಧ್ಯಾಯ ಒಂದನ್ನೇ ಹೊಸದಾಗಿ ಬರೆದು ಕಳಿಸು. ಹೆಂಡತಿ ಊರಲ್ಲೇ ಉಳಿಯಲಿ, ಅವನು ಬಾಯಿಬಿಟ್ಟು ಮಾತಾಡಲಿ.

ಪ್ರೀತಿಯಿಂದ,
ನಿನ್ನ ಅಕ್ಕ